ಗುರಿ ಮುಟ್ಟಿದ ಅಂಗಡಿ

ಕುಮಾಸಿ ಪಟ್ಟಣದಲ್ಲಿ ಟ್ರೋಟ್ರೋ ಎನ್ನುವ ಬಾಡಿಗೆ ವ್ಯಾನ್ ಹತ್ತುವ ಸಾಲಿನಲ್ಲಿ ನನ್ನ ಮುಂದೆ ಕೊನಾಡು, ಅವಳ ತಮ್ಮ ಸರ್ಪಾಂಗ್ ನಿಂತಿದ್ದರು. ಅಕ್ಕ ಊರಿಗೆ ಹೋಗಿದ್ದಾಗ ಬಾಳೆಕಾಯಿ ಕರಿದು ಮಾರುವ ಅಂಗಡಿಯನ್ನು ತಮ್ಮನೇ ನೋಡಿಕೊಂಡಿದ್ದನಂತೆ.

“ಒಲೇನೇ ಹಚ್ಚಿಲ್ವಂತಲ್ಲೋ?”

“ನಾನು ಹೋಗಿದ್ದ ವ್ಯಾಪಾರದ ತರಬೇತೀಲಿ ಹೇಳ್ದಂಗೆ ಕೆಲಸ ಹಂಚಿದೀನಕ್ಕ. ಯೋಜನೆ ನಂದು, ಮೇಲ್ವಿಚಾರಣೆ ಭಾವಂದು.”

“ಕರಿಯೋದು?”

“ಪೊಕುವಾ ಅತ್ತೆ ಚೆನ್ನಾಗಿ ಕರೀತಾರೆ ಅಂತ ಮ್ಯಾನೇಜರ್ ಮಾಡ್ದೆ. ಮ್ಯಾನೇಜರ್ ಎಲ್ಲಾದ್ರೂ ಕರೀತಾರಾ?”

“ಮತ್ತೆ ಗಿರಾಕಿಗಳು?”

“ಯಾರೂ ಬೇಜಾರಾಗಿ ವಾಪಸ್ ಹೋಗಬಾರದು ಅಂತ ಗುರಿ ಇಟ್ಕೊಂಡಿದ್ವಿ. ಒಬ್ಬರೂ ಹೋಗಿಲ್ಲ.”

“ಬಂದಿದ್ರೆ ತಾನೇ ಹೋಗೋಕೆ!”

“ಗುರಿಯಂತೂ ಮುಟ್ಟಿದೀವಿ.”

“ಇಡೀ ಮನೆ ಊಟ ಆ ಬಾಣಲೀಲಿದೆ ಕಣೋ! ನಡಿ, ನಾನು ಕರೀತೀನಿ, ನೀನು ಸುಲಿ.”

ಕೊನಾಡು ಅವನನ್ನು ವ್ಯಾನಿನೊಳಗೆ ನೂಕಿ ತಾನೂ ಹತ್ತಿದಳು. ಬಾಗಿಲು ಮುಚ್ಚುವ ಮುಂಚೆ ಅವನ ಆತಂಕದ ದನಿ ಕೇಳಿಸಿತು:

“ಸುಲಿಯೋನಿಗೆ ಏನಂತ ಹುದ್ದೆ ಕೊಡ್ತೀಯಕ್ಕ?”