ಮಂಜಮ್ಮನ ಕುರಿಗೆ ಪಾಳಿ

ಕೊಟ್ಟೂರಿನ ಹಿಟ್ಟಿನ ಗಿರಣಿಯಲ್ಲಿ ಖಾಜಾಬೀ ಜೋಳದ ಡಬ್ಬಿ ಹಿಡಿದು ಪಾಳಿಗೆ ಕೂತಿದ್ದಳು. ಮುಂದಿದ್ದ ಇಬ್ಬರ ಮಾತು ಗಿರಣಿಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಒಬ್ಬಳು ಕುರಿ ಸಾಕುವ ಮಂಜಮ್ಮ, ಇನ್ನೊಬ್ಬಳು ಹೊಲಮನೆಯ ಸೌಭಾಗ್ಯ.

“ಮಂಜಕ್ಕ, ನಮ್ಮ ಹೊಲದಾಗ ಕುರಿ ನಿಲ್ಲಿಸ್ರಿ. ಗೊಬ್ಬರ ಬೇಕಾಗೇತಿ.”

“ಆವತ್ತು ನಿಮ್ಮತ್ತಿ ನಮ್ಮ ಕುರೀನ ಹೊಲದಿಂದ ಅಟ್ಟಿದ್ಲಲ್ಲ.”

“ಮತ್ತೇನ್ಮಾಡ್ಬೇಕಿತ್ತು? ಹಿಕ್ಕಿ ಬಿದ್ದಲ್ಲೆಲ್ಲ ಬಳ್ಳಾರಿ ಜಾಲಿ ಎದ್ದಿತ್ತು.”

“ಖರೇನ. ಗುಡ್ಡದ ಹುಲ್ಲೆಲ್ಲ ಜಾಲಿ ನುಂಗಿತ್ತು. ಕುರಿಗೆ ಅದರ ಕಾಯಿ ಬಿಟ್ರ ಬ್ಯಾರೆ ಮೇವಿರ್ಲಿಲ್ಲ. ಬೀಜ ಹಿಕ್ಕ್ಯಾಗ ಹಂಗ ಬರ್ತಿತ್ತು.”

“ಈಗ?”

“ಮೊದ್ಲು ಕೊಡ್ಲಿಲೆ ಕಡದ್ವಿ. ಒಂದಿದ್ದದ್ದು ಹತ್ತಾಗಿ ಚಿಗಿತು. ಆಮ್ಯಾಗ ಓಣಿಗೆ ಓಣೀನ ಗುದ್ಲಿ ಹಿಡದು ಬೇರು ಸಮೇತ ಕಿತ್ವಿ. ಈಗ ಕರಡದ ಹುಲ್ಲು ಮೊಣಕಾಲುದ್ದ ನಿಂತೈತಿ. ಮೊನ್ನೆ ಚಿಗರಿ ಹಿಂಡು ಬಂದಿತ್ತು, ಮರಿ ಕಟ್ಕೊಂಡು.”

“ಚಿಗರೀನಾ? ನಾ ಸಣ್ಣಾಕಿ ಇದ್ದಾಗ ನೋಡಿದ್ದು.”

“ಹೋದ ಬ್ಯಾಸಿಗ್ಯಾಗ ಬಂಗಾರಪ್ಪನ ಹೊಲದಾಗ ಕುರಿ ನಿಲ್ಸಿದ್ವಿ. ಮಳಿಗಾಲ ಮುಗೀತು, ಒಂದು ಜಾಲಿ ಸಸೀನೂ ಎದ್ದಿಲ್ಲ.”

“ಹಂಗಾರ ನಾಳೆನ ಬರ್ರಿ.”

“ನಾಳಿ ಹೆಂಗವ್ವ? ಊರಾನೋರೆಲ್ಲ ಕರ್ಯಾಕ್ಹತ್ಯಾರ. ನೀನೂ ಪಾಳಿಗೆ ನಿಂದ್ರು.”

ಸೌಭಾಗ್ಯ ತನ್ನ ಬುಟ್ಟಿಯನ್ನು ಹಿಂದೆ ಸರಿಸಿ, ಮಂಜಮ್ಮನ ಡಬ್ಬಿಯನ್ನು ಮುಂದಿಟ್ಟಳು. ಖಾಜಾಬೀ ತುಟಿಯಂಚಿನಲ್ಲೇ ನಕ್ಕಳು.

ಹಿಟ್ಟು ಬೀಸಿಸಿಕೊಂಡ ಮಂಜಮ್ಮ ಡಬ್ಬಿಯನ್ನು ತಲೆಗೇರಿಸಿ ಬಾಗಿಲಲ್ಲಿ ನಿಂತಳು.

“ಅಮಾಸಿ ಮುಗಿದ ಮ್ಯಾಲ ಬರ್ತೀವಿ. ಆದ್ರ ಕರ್ಯಾಕ ನಿಮ್ಮತ್ತೀನ ಬರ್ಬೇಕು.”