ಸೆರಗಿನ ಮಣ್ಣು

"ಹಲೋ… ಹಲೋ, ಯಾರು ಮಾತಾಡ್ತಿರೋದು? ಗೆದ್ದಲಿಗೆ ಔಷಧಿ ಹೊಡೆಯೋ ಬೈರಣ್ಣನಾ?… ಹಾಂ, ನಾನು ಸುದ್ದಗುಂಟೆಪಾಳ್ಯದೋಳು. ಅಲ್ಲ ಅಲ್ಲ, ಮನೆ ಅಲ್ಲಿ. ಈಗ ಮಾತಾಡ್ತಿರೋದು ಜಯನಗರದಿಂದ, ಆಸ್ಪತ್ರೆಯಿಂದ. ನಮ್ಮ ಮೀಟರ್ ಬೋರ್ಡ್ ಮೇಲೆ ನಿಮ್ಮ ಚೀಟಿ ಅಂಟ್ಸಿದ್ರಲ್ಲ, ಅದನ್ನೇ ಕಿತ್ಕೊಂಡು ಬಂದಿದೀನಿ…"

ಆಸ್ಪತ್ರೆಯ ಮೆಟ್ಟಿಲ ಪಕ್ಕದ ಕಾಯಿನ್ ಬಾಕ್ಸಿನ ಮುಂದೆ ಅಣ್ಣಮ್ಮ ಒಂದು ಕೈಯಲ್ಲಿ ರಿಸೀವರ್, ಇನ್ನೊಂದು ಕೈಯಲ್ಲಿ ಸೆರಗಿನ ತುದಿ ಹಿಡಿದು ನಿಂತಿದ್ದಳು. ಸೆರಗಿಗೆ ಎರಡು ಗಂಟು. ಒಂದರಲ್ಲಿ ಚಿಲ್ಲರೆ ಕಾಸು. ಇನ್ನೊಂದರಲ್ಲಿ ಹುತ್ತದ ಮಣ್ಣಿನ ಒಂದು ಹೆಂಟೆ. ಒಳಗೆ ಮಲಗಿರುವ ಬಾಡಿಗೆ ಮನೆಯ ಬಸುರಿ ಹುಡುಗಿ ಭಾಗ್ಯಜ್ಯೋತಿ ಎಚ್ಚರವಾದ ಕೂಡಲೇ ಕೇಳಿಯಾಳು ಎಂದು ತಂದದ್ದು. ಬೆಳಿಗ್ಗೆ ಆ ಹುಡುಗಿ ಬಾಯಲ್ಲಿ ಜೊಲ್ಲು ಸುರಿಸುತ್ತಾ, ಮೈಯೆಲ್ಲ ಬೆವತು ಬಚ್ಚಲಲ್ಲಿ ಬಿದ್ದಿದ್ದಳು. ಇದು ಯಾವುದೋ ವಿಷ, ಯಾವುದೆಂದು ಗೊತ್ತಾದರೆ ತಾಯಿ ಮಗು ಇಬ್ಬರನ್ನೂ ಉಳಿಸಿಕೊಳ್ಳಲು ನೋಡಬಹುದು, ಮನೆಯಲ್ಲಿ ಏನೇನಿದೆ ಹುಡುಕಿ ಬನ್ನಿ ಎಂದು ಡಾಕ್ಟರು ಅವಸರ ಮಾಡಿದ್ದರು.

"…ಯಾರ ಮನೆ ಅಂದ್ರೆ, ಮುನೇಶ್ವರನ ಗುಡಿ ಹಿಂದೆ, ಹೊಸ ಬಿಲ್ಡಿಂಗ್ ಏಳ್ತಾ ಇದೆಯಲ್ಲ… ಯಜಮಾನ್ರ ಹೆಸರಾ? ಅದೇ, ಎತ್ತರದ ಆಳು, ತಲೆಗೆ ಟವಲ್ ಸುತ್ಕೊಂಡಿರ್ತಾರೆ… ಅಯ್ಯೋ, ಹೆಸರೇ ಆಗ್ಬೇಕಾ?… ಗೂಳಪ್ಪ."

ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಂಬಿದವಳು ಅವಳು. ರೇಷನ್ ಅಂಗಡಿಯಲ್ಲೂ ಪಕ್ಕದಲ್ಲಿ ನಿಂತವರ ಕೈಲಿ ಹೇಳಿಸುತ್ತಿದ್ದಳು. ಮದುವೆಯಾದಂದಿನಿಂದ ಬಾಯಿಗೆ ಬಾರದ ಹೆಸರು ಇವತ್ತು ಗೆದ್ದಲ ಔಷಧಿಯವನ ಮುಂದೆ ಬಂತು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಹಾಂ, ಅವರೇ. ಗೊತ್ತಾಯ್ತಲ್ಲ? ಅವರು ಮರಳು ಲಾರಿ ಹಿಂದೆ ಕನಕಪುರದ ಕಡೆ ಹೋಗಿದಾರೆ, ಸಿಗ್ತಿಲ್ಲ. ಪಾಯಕ್ಕೆ ನೀವು ಹೊಡೆದ್ರಲ್ಲ, ಆ ಔಷಧಿ ಹೆಸರು ಬೇಕಿತ್ತು… ಯಾಕೆ ಅಂದ್ರೆ, ನಮ್ಮ ಬಾಡಿಗೆಯೋಳು, ಏಳು ತಿಂಗಳ ಬಸುರಿ…"

"…ಇಡ್ಬೇಡಿ! ಬೈರಣ್ಣ, ಫೋನ್ ಇಡ್ಬೇಡಿ ನಿಮ್ಮ ದಮ್ಮಯ್ಯ. ನಿಮ್ಮ ಮೇಲೆ ಕಂಪ್ಲೇಂಟ್ ಅಲ್ಲಪ್ಪಾ. ಆ ಹುಡುಗಿ ಗಂಡ, ಬಸವಂತ ಅಂತ, ಬಾಗಲಕೋಟೆ ಕಡೆಯೋನು. ಆಸ್ಪತ್ರೆಯೋರು ಅವನನ್ನ ಕೂರಿಸ್ಕೊಂಡು, ಹೆಂಡ್ತಿ ಜತೆ ಜಗಳ ಆಡಿದ್ಯಾ, ಏನು ಕುಡಿಸ್ದೆ ಅಂತ ಕೇಳ್ತಿದಾರೆ. ಪೊಲೀಸ್ನೋರೂ ಬರ್ತಾರಂತೆ. ಇರುವೆ ತುಳಿಯೋ ಜಾತಿ ಅಲ್ಲ ಅವನು…"

"…ಪಾಯದ್ದು ಮಣ್ಣೊಳಗೆ ಹೋಗಿ, ಮೇಲೆ ಕಾಂಕ್ರೀಟೂ ಬಿತ್ತು. ಅದರಿಂದ ಹಿಂಗಾಗಲ್ಲ ಅಂತೀರಾ?… ನಾನೂ ಅದೇ ಹೇಳಿದ್ದು ಡಾಕ್ಟ್ರಿಗೆ. ಅವಳು ತಿಂದಿದ್ದು ರೊಟ್ಟಿ, ಪಲ್ಯ, ನಮ್ಮನೆ ಸೊಪ್ಪಿನ ಸಾರು. ಹೊರಗಡೆ ಒಂದು ತುತ್ತು ತಿಂದಿಲ್ಲ ಅಂತ…"

ಮಣ್ಣಿನ ವಿಷಯವನ್ನು ಅವಳು ಡಾಕ್ಟರಿಗೆ ಹೇಳಿರಲಿಲ್ಲ. ಓದಿದವರು ನಗುತ್ತಾರೆ, ಇಲ್ಲವೇ ಬೈಯುತ್ತಾರೆ. ಬಸುರಿಯ ಬಯಕೆ ಅವರಿಗೇನು ತಿಳಿದೀತು ಎಂದುಕೊಂಡು ಸುಮ್ಮನಿದ್ದಳು. ಬಯಕೆಯಾದರೂ ಎಂಥದು! ಒಂದು ದಿನ ಹೋಗಿ ನೋಡಿದರೆ ಹುಡುಗಿ ಗೋಡೆಯ ಬಣ್ಣವನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕೇಳಿದರೆ, "ನಮ್ಮೂರಾಗ ಮಣ್ಣಿನ ಗ್ವಾಡಿ ಇರ್ತಾವ್ರಿ ಅವ್ವಾರ, ಬಸುರಿದ್ದಾಗ ಕೆರಕೊಂಡು ತಿಂತೇವಿ. ಇಲ್ಲಿ ಎಲ್ಲಾ ಸಿಮೆಂಟ್" ಎಂದು ಅಳುವ ಹಾಗೆ ನಕ್ಕಿದ್ದಳು. ಅಣ್ಣಮ್ಮ, ಬಣ್ಣ ವಿಷ ಕಣೇ ಎಂದು ಗದರಿ, ಕಾಂಪೌಂಡಿನ ಮೂಲೆಯ ಹುತ್ತದಿಂದ ಒಂದು ತುಂಡು ಮುರಿದು, ಕೆಂಡದ ಮೇಲೆ ಬೆಚ್ಚಗೆ ಮಾಡಿ ಕೊಟ್ಟಿದ್ದಳು. ಆಮೇಲೆ ಅದೇ ರೂಢಿಯಾಯಿತು.

ಆ ಜಾಗವೆಲ್ಲ ಹಿಂದೆ ಅವರದೇ ರಾಗಿ ಹೊಲ. ಹುತ್ತದ ಮಣ್ಣು ಎರಚಿದ ಕಡೆ ತೆನೆ ಭಾರಕ್ಕೆ ಬಗ್ಗುತ್ತಿತ್ತು. ಹೊಲ ಹೋಗಿ ಸೈಟಾಯಿತು, ಸೈಟು ಹೋಗಿ ಬಾಡಿಗೆ ಮನೆಗಳಾದವು. ಉಳಿದದ್ದು ಆ ಹುತ್ತ ಒಂದೇ. ಹೊಸ ಮನೆಯ ಹೊನ್ನೆ ಬಾಗಿಲುವಾಡಕ್ಕೆ ಗೆದ್ದಲು ಹತ್ತಿದಾಗ ಗೂಳಪ್ಪ ಗುದ್ದಲಿ ತಂದಿದ್ದ. ನಾಗಪ್ಪನ ಜಾಗ, ಮುಟ್ಟಿದರೆ ನನ್ನ ಹೆಣ ಬೀಳುತ್ತದೆ ಎಂದು ಅಣ್ಣಮ್ಮ ಅಡ್ಡ ನಿಂತಿದ್ದಳು. ಗೂಳಪ್ಪ ಗೊಣಗಿಕೊಂಡು ಗುದ್ದಲಿ ಒಳಗಿಟ್ಟ. ಅಲ್ಲಿಗೆ ಮುಗಿಯಿತೆಂದು ಅವಳು ನಂಬಿದ್ದಳು.

"…ಇನ್ನೊಂದು ಕಡೆನೂ ಬಿಟ್ರಾ? ಪಾಯ ಬಿಟ್ಟು ಬೇರೆ ಕಡೆ? ಎಲ್ಲಿ?… ಗಾಡಿ ಸದ್ದು, ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ…"

"…ಯಾವ ಹುತ್ತ?"

"…ಮೂಲೇದಾ? ನಮ್ಮನೆ ಮೂಲೇದಾ?… ಇಲ್ಲ, ಇರಲ್ಲ ಬೈರಣ್ಣ. ನೀವು ಬೇರೆ ಯಾರದೋ ಮನೆ ನೆನೆಸ್ಕೊಂಡು ಹೇಳ್ತಿದೀರ. ಸರಿಯಾಗಿ ನೋಡಿ… ಯಾವತ್ತು?… ಹೋದ ಶುಕ್ರವಾರ. ಹಾಂ. ನಾನು ಅಂಜನಾಪುರಕ್ಕೆ ಹೋಗಿದ್ದೆ, ನಮ್ಮಣ್ಣನ ಮನೆ ಗೃಹಪ್ರವೇಶ… ಅದಕ್ಕೇ ಅವತ್ತೇ ಕರೆಸಿದ್ನಾ? ಗೂಳಪ್ಪನೇ ಹೇಳಿದ್ನಾ? ನಮ್ಮನೆಯೋಳಿಗೆ ಗೊತ್ತಾಗ್ಬಾರ್ದು ಅಂತ?"

ಈ ಸಲ ಹೆಸರು ತಡವರಿಸದೆ ಬಂತು, ಗೌರವ ಕಳಚಿಕೊಂಡೇ ಬಂತು. ಅವಳಿಗೆ ಅದರ ಪರಿವೆಯೂ ಇರಲಿಲ್ಲ.

"…ಸರಳಲ್ಲಿ ತೂತು ಹಾಕಿ ಒಳಗಡೆ ಸುರಿದ್ರಿ. ಆಮೇಲೆ?… ಮೇಲೆ ಹಸಿಮಣ್ಣು ಮೆತ್ತಿ, ಅರಿಶಿನ ಕುಂಕುಮ ಇಟ್ಟಿದ್ದು ಯಾರು?… ಅವನೇನಾ? ಕೈ ಮುಗಿದ್ನಾ? ಪಾಪಿ. ಕೈ ಬೇರೆ ಮುಗಿದ್ನಾ!"

ಹುತ್ತ ಬಡಿದರೆ ಹಾವು ಸಾಯುತ್ತದೆಯೇ ಎಂದು ಗಾದೆ ಕೇಳುತ್ತದೆ. ಹುತ್ತಕ್ಕೆ ವಿಷ ಹೊಯ್ದರೆ ಯಾರು ಸಾಯುತ್ತಾರೆಂದು ಯಾವ ಗಾದೆಯೂ ಹೇಳಿಲ್ಲ. ಭಾನುವಾರ ಅಣ್ಣನ ಮನೆಯಿಂದ ಬಂದ ಅಣ್ಣಮ್ಮ ಹೊಸ ಕುಂಕುಮ ನೋಡಿ, ಸದ್ಯ, ಈ ಮನುಷ್ಯನಿಗೂ ಭಕ್ತಿ ಬಂತಲ್ಲ ಎಂದು ಹಿಗ್ಗಿದ್ದಳು. ಹೆಂಟೆ ಮುರಿದಾಗ ಸೀಮೆಎಣ್ಣೆಯಂಥ ವಾಸನೆ ಬಂದಿತ್ತು. ಯಾರೋ ದೀಪ ಹಚ್ಚಲು ಬಂದು ಚೆಲ್ಲಿರಬೇಕು ಎಂದುಕೊಂಡಳು. ಹುಡುಗಿಗೆ ಆ ವಾಸನೆಯೇ ಹಿಡಿಸಿಬಿಟ್ಟಿತು. "ಈ ಸಲದ್ದು ಭಾಳ ಛಲೋ ಅದರಿ ಅವ್ವಾರ" ಎಂದು ಮೂಸಿ ಮೂಸಿ ತಿಂದು, ಮಾರನೆಯ ದಿನ ತಾನಾಗಿಯೇ ಬಂದು ಕೈಯೊಡ್ಡಿದ್ದಳು.

"…ಬೈರಣ್ಣ, ನಾನು ಇದೀನಿ. ಅಳ್ತಾ ಇಲ್ಲ. ಹೆಸರು ಹೇಳಿ. ಡಬ್ಬ ತಂದು, ನೋಡ್ಕೊಂಡು ಹೇಳಿ… ಕ್ಲೋರ್… ಆಮೇಲೆ?… ಪೈರಿ… ಫಾಸ್. ಇನ್ನೊಂದ್ಸಲ, ನಿಧಾನಕ್ಕೆ… ಕ್ಲೋರ್‌ಪೈರಿಫಾಸ್. ಕ್ಲೋರ್‌ಪೈರಿಫಾಸ್. ಹಾಂ, ಬಂತು ಬಾಯಿಗೆ…"

"…ಹೋಗ್ತೀನಿ, ಓಡ್ತೀನಿ. ಏನು?… ಹುತ್ತದೊಳಗಿಂದು ಅವಳ ಹೊಟ್ಟೆಗೆ ಹೆಂಗೆ ಹೋಯ್ತು ಅಂದ್ರೆ… ಬಯಕೆ ಬೈರಣ್ಣ, ಮಣ್ಣಿನ ಬಯಕೆ. ನಿಮ್ಮನೆ ಹೆಂಗಸ್ರೂ ತಿಂದಿರ್ತಾರೆ, ಕೇಳಿ ನೋಡಿ… ತಂದು ಕೊಟ್ಟೋರಾ?…"

ಆಚೆಯಿಂದ ಅವನು ಮತ್ತೆ ಅದನ್ನೇ ಕೇಳಿದ.

"…ನಾನೇ. ನಾನೇ ಕೈಯಾರೆ ಕೊಟ್ಟೆ. ಗೋಡೆ ಬಣ್ಣ ತಿಂತಿದ್ಲು, ಅದು ವಿಷ, ಬೇಡ ಕಣೇ, ಇದು ನಮ್ಮ ಹೊಲದ ಮಣ್ಣು, ತಿನ್ನು ಅಂದೆ. ಭಾನುವಾರದಿಂದ ದಿನಾ ಕೊಟ್ಟೆ. ಅವನು ಸುರಿದ, ನಾನು ತಿನ್ನಿಸಿದೆ…"

ರಿಸೀವರಿನಲ್ಲಿ ಪೀಂ ಪೀಂ ಎಂದು ಸದ್ದಾಯಿತು. ಹಾಕಿದ ರೂಪಾಯಿಯ ಹೊತ್ತು ಮುಗಿಯುತ್ತಿತ್ತು.

"ಹಾಂ? ಎಷ್ಟು ತಿಂದ್ಲು ಅಂತಾನೂ ಡಾಕ್ಟ್ರಿಗೆ ಹೇಳ್ಬೇಕಾ?… ತಡೀರಿ, ಕಾಸು ಹಾಕ್ತೀನಿ. ಒಂದು ನಿಮಿಷ, ಇಡ್ಬೇಡಿ…"

ಗಾಬರಿಯಲ್ಲಿ ಸೆರಗಿನ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಬಿಚ್ಚಿದ್ದು ಆ ಇನ್ನೊಂದು ಗಂಟು. ಹೆಂಟೆ ಕೆಳಗೆ ಬಿದ್ದು ಪುಡಿಯಾಯಿತು, ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿಯಿತು.

ಆಗಲೇ ಹಿಂದಿನಿಂದ ಒಂದು ಕೈ ಮುಂದೆ ಬಂತು. ಅಂಗೈಯಲ್ಲಿ ಒಂದು ರೂಪಾಯಿ. ಅಣ್ಣಮ್ಮ ತಿರುಗಿ ನೋಡಿದಳು. ಬಸವಂತ. ಒಳಗಿನವರು ಕೇಳಿ ಮುಗಿಸಿ ಬಿಟ್ಟ ಮೇಲೆ, ಅವ್ವಾರಿಗೆ ಚಿಲ್ಲರೆ ಬೇಕಾದೀತು ಎಂದು ಬಂದವನು ಯಾವಾಗಿನಿಂದ ಅಲ್ಲಿ ನಿಂತಿದ್ದನೋ. ಅವನ ಕಣ್ಣು ನೆಲದ ಮೇಲಿನ ಮಣ್ಣಿನಲ್ಲಿತ್ತು. ಕೈ ಮಾತ್ರ ಚಾಚಿದ ಹಾಗೆಯೇ ಇತ್ತು, ಅವಳಿಗೆ ಅದನ್ನು ಮುಟ್ಟುವ ಧೈರ್ಯವಾಗಲಿಲ್ಲ.

"ಹಲೋ… ಬೈರಣ್ಣ… ನಾನು… ಬಸವಂತಾ, ನಾನು ಬೇಕು ಅಂತ ಕೊಡ್ಲಿಲ್ಲ ಕಣಪ್ಪಾ… ಹಲೋ… ಹಲೋ…"

ಲೈನ್ ಕಟ್ಟಾಯಿತು.