ನಾಡಿ ಹಿಡಿದವರು ಸುಮ್ಮನಿರಬಾರದು

...ಗುಣ ಮಾಡ್ತೀನಿ ಅಂತ ಮಾತು ಕೊಟ್ಟು ಬಂದ್ಯಾ? ಅವನಿಗಾ? ಆ ‘ಎರಡು ದಿನ’ಕ್ಕಾ? ಅಯ್ಯೋ ನನ್ನ ತಾಯಿ... ಬಾ, ಕೂತ್ಕೋ. ಮದ್ದಿನ ಚೀಲ ಕೆಳಗಿಡು. ಮನೆ ಮನೆಗೆ ಹೋಗಿ ರೋಗಿ ನೋಡೋ ಕೆಲಸ ನಿನಗೆ ವಹಿಸಿ ಇನ್ನೂ ಒಂದು ಮಳೆಗಾಲ ಕಳೆದಿಲ್ಲ, ಅಷ್ಟರಲ್ಲೇ ಅಪ್ಪನ ಹೆಸರು ಕೆಡಿಸೋಕೆ ಹೊರಟೆ.

ನಗ್ತೀಯ ಯಾಕೆ? ನಾನೇನೂ ತಮಾಷೆ ಮಾಡ್ತಿಲ್ಲ. ಆ ಸುಂಕದ ಅಧಿಕಾರಿಗೆ ಊರವರು ಸುಮ್ಮನೆ ‘ಎರಡು ದಿನ’ ಅಂತ ಹೆಸರಿಟ್ಟರಾ? ನಿನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಆಗ ಮೊದಲ ಸಲ ಅವನ ಹೊಟ್ಟೆ ಮುಟ್ಟಿ ನೋಡಿದ್ದು ನಾನು. ‘ವೈದ್ಯರೇ, ನಾನಿನ್ನು ಎರಡು ದಿನ’ ಅಂದ. ನಿನ್ನ ಮದುವೆಗೆ ಕರೆಯೋಕೆ ಹೋದಾಗಲೂ ‘ನಾನಿನ್ನು ಎರಡು ದಿನ’ ಅಂದ. ಆಮೇಲೆ ಮದುವೆಗೆ ಬಂದು, ಸಾಕು ಸಾಕು ಅಂತಾನೇ ಮತ್ತೆ ಮತ್ತೆ ಬಡಿಸಿಕೊಂಡ.

ಅವನ ನೋವು ಸುಳ್ಳು ಅಂತ ನಾನೆಲ್ಲಿ ಅಂದೆ? ನೋವಿದೆ. ಆದರೆ ಈಗ ಅದು ಆ ಮನೆಗೆ ಹಿರಿಮಗ ಇದ್ದ ಹಾಗೆ. ಅದನ್ನ ಕೇಳದೆ ಅಲ್ಲಿ ಒಂದು ಕಿಟಕಿ ತೆಗೆಯೋ ಹಾಗಿಲ್ಲ. ಹೆಂಡತಿ ತುದಿಗಾಲಲ್ಲಿ ನಡೀತಾಳೆ. ಸೊಸೆ ಉಪ್ಪಿನ ಡಬ್ಬಿ ಎಲ್ಲಿ ಅಂತಾನೂ ಪಿಸುಗುಟ್ಟಿ ಕೇಳ್ತಾಳೆ. ತಮ್ಮನೋ, ‘ಅಣ್ಣನಿಗೆ ಹುಷಾರಿಲ್ಲ’ ಅಂತ ಹೇಳ್ಕೊಂಡೇ ಸುಂಕದ ಕಟ್ಟೆಯಲ್ಲಿ ಅಣ್ಣನ ಜಾಗದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ. ಆ ಮನೇಲಿ ಯಾರಾದ್ರೂ ಬಾಯ್ತುಂಬ ನಕ್ಕು ಯಾವ ಕಾಲ ಆಯ್ತೋ. ಅಂಥಲ್ಲಿಗೆ ಹೋಗಿ ನೀನು ಗುಣ ಮಾಡ್ತೀನಿ ಅಂತೀಯ! ಅವನು ಎದ್ದು ಓಡಾಡಿದ್ರೆ ತಮ್ಮ ಪಾಪ ಎಲ್ಲಿಗೆ ಹೋಗಬೇಕು?

ಹಿಂದೆ ಅವನನ್ನ ನೋಡೋಕೆ ಬಂದಿದ್ದ ಅರಮನೆ ವೈದ್ಯನೂ ಹೀಗೇ ಅಂದಿದ್ದ. ಪಲ್ಲಕ್ಕಿಯಲ್ಲಿ ಬಂದ, ಮುತ್ತಿನ ಭಸ್ಮ ಕೊಟ್ಟ, ಹುಣ್ಣಿಮೆಯೊಳಗೆ ಗುಣ ಅಂದ. ಆಗಲಿಲ್ಲ. ನಕ್ಷತ್ರ ಸರಿಯಿಲ್ಲ ಅಂತ ಹೇಳಿ ಪಲ್ಲಕ್ಕಿ ಹತ್ತಿ ಹೋದ. ಅವನಿಗೆ ನಕ್ಷತ್ರ ಇತ್ತು, ನಿನಗೆ ಯಾರಿದ್ದಾರೆ? ಹಳೇ ರೋಗಿಗೆ ಗುಣ ಮಾಡ್ತೀನಿ ಅನ್ನಬಾರದು ಕಣೇ. ನಾಳೆ ಬರ್ತೀನಿ ಅನ್ನಬೇಕು. ಹೇಳಿದ ಮೇಲೆ ಹೋಗಬೇಕು.

ಏನು ಕೊಟ್ಟೆ? ...ಹೊಸ ಕಷಾಯ. ಹಿಂದಿನ ವಾರ? ...ಅದು ಬೇರೆ. ಭೇಷ್. ನಮ್ಮ ಮದ್ದಿನ ಕಪಾಟು ಪೂರ್ತಿ ಅವನ ಹೊಟ್ಟೆಗೆ ಸುರಿದುಬಿಡು, ಧೂಳು ಹೊಡೆಯೋ ಕೆಲಸ ತಪ್ಪುತ್ತೆ. ಮದ್ದು ಬದಲಾಯಿಸಿದಷ್ಟೂ ಅವನಿಗೆ ಅರ್ಥ ಆಗೋದು ಒಂದೇ, ಈ ಹುಡುಗಿಗೆ ಏನೂ ಗೊತ್ತಾಗ್ತಿಲ್ಲ ಅಂತ. ಒಂದೇ ಮದ್ದು ಕೊಡು. ಮೆತ್ತಗಿನ ಊಟ ಹಾಕಿಸು. ಅಂಗಳದವರೆಗೆ ನಡೆಸು. ಅವನ ಬಾಯಿಮಾತು ಮಾತ್ರ ನಂಬಬೇಡ. ನೋವು ಬೇಕಾದವನು ಹೆಚ್ಚು ಹೇಳ್ತಾನೆ, ಭಯ ಇರೋನು ಮುಚ್ಚಿಡ್ತಾನೆ. ನಾಲಗೆ ನೋಡೋಕೆ ಮುಂಚೆ ಬಾಗಿಲ ಹತ್ರ ಅವನ ಚಪ್ಪಲಿ ನೋಡು. ಧೂಳಿದ್ರೆ ಕದ್ದು ಓಡಾಡ್ತಿದ್ದಾನೆ. ಪಟ್ಟಿ ಸಡಿಲ ಮಾಡಿಸಿದ್ರೆ ಕಾಲು ಊದ್ತಿದೆ.

...ನನ್ನ ಚಪ್ಪಲಿ ಯಾಕೆ ನೋಡ್ತೀಯ?

ಹೌದು, ಹೊಸದು. ದೊಡ್ಡದೇ. ಹೊಲಿಯೋನು ಅಳತೆ ತಪ್ಪಿದ, ನಾನೇನು ಮಾಡ್ಲಿ? ಶಾಲು ಎಳೀಬೇಡ, ಕಾಲಿಗೆ ಚಳಿ. ...ದಿಂಬಾ? ಒರಗಿಕೊಂಡು ಓದಬೇಕಲ್ಲ, ಅದಕ್ಕೇ ಅಷ್ಟು. ಮಲಗೋದೂ ಇಲ್ಲೇ, ಈ ಪಡಸಾಲೆಯಲ್ಲೇ. ಮಹಡಿ ಹತ್ತೋಕೆ ಬೇಜಾರು. ಮೇಲೆ ಸೆಖೆ. ...ಚಳಿ ಕಾಲಿಗೆ, ಸೆಖೆ ಮೈಗೆ. ಆಯ್ತಾ? ದೊಡ್ಡ ನ್ಯಾಯಾಧೀಶೆ ಬಂದಳು ವಿಚಾರಣೆಗೆ.

ಮೆತ್ತಗೆ ಮಾತಾಡು. ಒಳಗೆ ನಿಮ್ಮಮ್ಮ ಇದ್ದಾಳೆ. ಕೇಳಿಸ್ತಿದೆಯಾ, ಕುಟ್ಟಾಣಿ ಸದ್ದು? ನಿನ್ನ ‘ಎರಡು ದಿನ’ಕ್ಕೇ ಪುಡಿ ಕುಟ್ತಿದ್ದಾಳೆ, ಜೊತೆಗೊಂದು ಹಾಡು ಬೇರೆ ಗುನುಗ್ತಾ. ಈ ಮನೇಲಿ ಯಾರೂ ತುದಿಗಾಲಲ್ಲಿ ನಡೆಯಲ್ಲ. ನಡೆಯೋದೂ ಬೇಡ. ತಿಳೀತಾ?

ಎಲ್ಲಿದ್ದೆ... ತಡಿ, ಉಸಿರು ತಗೊಳ್ತೀನಿ. ಮಾತಾಡಿಸಿ ಮಾತಾಡಿಸಿ ಸುಸ್ತು ಮಾಡ್ತೀಯ ನೀನು. ಹಾಂ, ನಾಡಿ. ಅವನ ನಾಡಿ ನೋಡುವಾಗ ಏನು ಮಾಡಿದೆ? ...ಸುಮ್ಮನೆ ಕೂತೆ. ಕಣ್ಣು ಮುಚ್ಚಿ ಬೇರೆ! ನಿನಗೆ ನಾನು ಕಲಿಸಿದ್ದು ಇದೇನಾ? ನಾಡಿ ಹಿಡಿದವರು ಸುಮ್ಮನಿರಬಾರದು. ಬೆರಳು ಅದರ ಕೆಲಸ ಮಾಡ್ಲಿ, ಬಾಯಿ ಮಾತಾಡ್ತಾ ಇರ್ಲಿ. ಛಾವಣಿ ಸೋರ್ತಾ, ಎಮ್ಮೆ ಕರು ಹಾಕ್ತಾ, ಮೊಮ್ಮಗ ಹೆಜ್ಜೆ ಇಟ್ಟನಾ, ಏನಾದ್ರೂ ಕೇಳು. ನಿನ್ನ ಮಾತು ನಿಂತ ಕೂಡಲೇ ಅವನ ಜೀವ ಬಾಯಿಗೆ ಬರುತ್ತೆ.

ನನ್ನ ಮಾತು ನಿಂತಿದ್ದು ಜೀವಮಾನದಲ್ಲಿ ಒಂದೇ ಸಲ. ಇದೇ ಪಡಸಾಲೆಯಲ್ಲಿ, ಕುಂಬಾರನ ಹೆಂಡತಿ ಕೈ ಹಿಡಿದು ಕೂತಿದ್ದೆ. ನಾನಿನ್ನೂ ತಲೆ ಎತ್ತಿರಲಿಲ್ಲ, ಒಳಗೆ ನಿಮ್ಮಮ್ಮ ಕುಟ್ಟೋದು ನಿಲ್ಲಿಸಿಬಿಟ್ಟಿದ್ದಳು. ಆ ಮದ್ದು ಇನ್ನು ಬೇಕಾಗಲ್ಲ ಅಂತ ಗೊತ್ತಾಗಿಹೋಗಿತ್ತು ಅವಳಿಗೆ. ಗೋಡೆ ಆಚೆಯಿಂದ. ನನ್ನನ್ನ ಒಂದು ಮಾತೂ ಕೇಳದೆ.

...ಏನು? ನಿನಗೂ ಬರುತ್ತಾ, ಮಾತಾಡ್ತಾ ನಾಡಿ ನೋಡೋಕೆ? ಓಹೋ. ತೋರಿಸ್ತೀಯಾ? ಯಾರ ಕೈ ಮೇಲೆ? ನನ್ನದು ಬೇಡ. ಆ ಕಂಬ ಹಿಡಿದು ತೋರಿಸು, ನಿನ್ನ ವಿದ್ಯೆಗೆ ಅದೇ ಸಾಕು. ...ಬಿಡೇ. ಬಿಡು ಅಂದ್ನಲ್ಲ. ...ಹಟ ನೋಡು, ಥೇಟ್ ನಿಮ್ಮಜ್ಜಿ. ಸರಿ, ಹಿಡಿ. ಬಚ್ಚಿಡೋಕೆ ನನ್ನ ಹತ್ರ ಏನಿದೆ? ಆದರೆ ಒಂದು ಮಾತು. ಒಳಗೆ ಕಿವಿ ಇದೆ. ಬೆರಳಿಗೆ ಏನು ಸಿಕ್ಕಿದ್ರೂ ಬಾಯಿ ನಿಲ್ಲಬಾರದು. ಅಷ್ಟೇ ನಾನು ನಿನ್ನ ಕೇಳೋದು.

ಹಾಂ, ಶುರು ಮಾಡು. ನಿಮ್ಮತ್ತೆ ಹೇಗಿದ್ದಾರೆ? ...ಬೈಕೊಂಡು ಆರಾಮಾಗಿದ್ದಾರಾ, ಒಳ್ಳೇದು. ಎಮ್ಮೆ ಕರು ಹಾಕ್ತಾ? ...ಹೆಣ್ಣುಗರುನಾ? ನೋಡು, ಹೀಗೆ. ಪರವಾಗಿಲ್ಲ, ಕಲಿತಿದ್ದೀಯ. ಹಾಲು ಚೆನ್ನಾಗಿ ಕೊಡುತ್ತಾ?

...ಹಾಲು ಚೆನ್ನಾಗಿ ಕೊಡುತ್ತಾ ಅಂದೆ.

ಮಗಳೇ. ಮಾತಾಡು.

ಎಮ್ಮೆ ಕಣೇ. ಎಮ್ಮೆ ವಿಷಯ ಕೇಳ್ತಿದೀನಿ. ...ಹೌದಾ, ಅಷ್ಟೊಂದು ಹಾಲಾ? ಹಾಗಾದ್ರೆ ನಿಮ್ಮಮ್ಮನಿಗೆ ಬೆಣ್ಣೆ ಕಳಿಸಬೇಕು ಮತ್ತೆ... ನಾನೊಬ್ಬನೇ ಎಷ್ಟು ಅಂತ ಮಾತಾಡ್ಲಿ? ಒಂದು ಹೂಂ ಅನ್ನು. ಜೋರಾಗಿ ಅನ್ನು. ...ಇದನ್ನ ಹೇಳಿಕೊಡೋಕೆ ಇಷ್ಟು ಹೊತ್ತು ಗಂಟಲು ಹರ್ಕೊಂಡೆ ನಾನು. ಹೂಂ ಅನ್ನೋಕೂ ಬರಲ್ವಾ? ಕಣ್ಣು ಒರೆಸ್ಕೋ. ಬೆರಳು ತೆಗಿ, ಸಾಕು, ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಲ್ಲಿ. ತೆಗಿ ಅಂತಿದೀನಿ, ಒಳಗೆ ಅವಳು...

...

ಕುಟ್ಟಾಣಿ ನಿಂತಿತು.

ಒಂದು ಎಮ್ಮೆ ವಿಷಯ ಮಾತಾಡೋಕೆ ಆಗಲಿಲ್ಲವಲ್ಲೇ ನಿನಗೆ.